ಸತ್ಯವೇದದಲ್ಲಿ ನಿಷ್ಠೆ

ಧರ್ಮಗ್ರಂಥದ ಸತ್ಯವನ್ನು ದೃಢವಾಗಿ ಹಿಡಿದು ನಡೆಯಬೇಕೆಂಬುದು ಕ್ರೈಸ್ತಜೀವನದ ಮುಖ್ಯ ವಿಧಿಗಳಲ್ಲೊಂದು. ಹೊಸ ಒಡಂಬಡಿಕೆಯ ಪತ್ರಿಕೆಗಳಲ್ಲಿ ಈ ಉಪದೇಶವು ಮತ್ತೆ ಮತ್ತೆ ಬರುತ್ತದೆ. ಮಾತು ಕೇಳುವುದಕ್ಕೆ ಸುಲಭವಾಗಿದೆ. ಅರ್ಥಮಾಡಿಕೊಳ್ಳಹೊರಟರೆ ತೊಡಕು ಕಾಣಿಸುತ್ತದೆ. ಏಕೆಂದರೆ ಸತ್ಯವನ್ನು ಹಿಡಿದವನೂ ತನ್ನ ಪಟ್ಟನ್ನು ಹಿಡಿದವನೂ ಹೊರನೋಟಕ್ಕೆ ಒಂದೇ ತೆರನಾಗಿರುತ್ತಾರೆ. ಇಬ್ಬರೂ ಬಗ್ಗುವುದಿಲ್ಲ, ಇಬ್ಬರೂ ಬಹುಜನರ ಮಾತಿಗೆ ಕಿವಿಗೊಡುವುದಿಲ್ಲ, ದೇವರು ತಮ್ಮ ಪಕ್ಷದಲ್ಲಿದ್ದಾನೆಂದು ಇಬ್ಬರೂ ನಂಬಿರುತ್ತಾರೆ. ಹಾಗಾದರೆ ನಿಷ್ಠೆ ಯಾವುದು, ಹಠ ಯಾವುದು? ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ತೋರಿಸುವ ಗುರುತೇನಾದರೂ ಉಂಟೆ? ಕ್ರೈಸ್ತರಲ್ಲದ ಶ್ರೋತೃಗಳಿಗೂ ಇದು ಹೊರಗಿನ ಪ್ರಶ್ನೆಯಲ್ಲ. ಶಾಸ್ತ್ರಪ್ರಮಾಣವನ್ನು ಒಪ್ಪಿದ ಯಾವ ಮತದಲ್ಲಿಯೂ ಇದು ಏಳತಕ್ಕದ್ದೇ. ಇದನ್ನು ಬರಿಯ ತತ್ತ್ವಚರ್ಚೆಯಿಂದ ಬಿಡಿಸುವುದಕ್ಕಿಂತ ಒಬ್ಬ ಮನುಷ್ಯನ ಜೀವನದಲ್ಲಿಟ್ಟು ನೋಡುವುದು ಮೇಲು. ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ತಿರುಗಿಸಿ ಮೊದಲು ಅಚ್ಚುಹಾಕಿಸಿದ ವಿಲಿಯಂ ಟಿಂಡಲನ ಜೀವನವು ಅದಕ್ಕೆ ತಕ್ಕ ಉದಾಹರಣೆಯಾಗಿದೆ.

ಟಿಂಡಲನು ಹುಟ್ಟಿದ್ದು ೧೪೯೪ರ ಸುಮಾರಿನಲ್ಲಿ, ಇಂಗ್ಲೆಂಡಿನ ಪಶ್ಚಿಮದ ಗ್ಲಾಸ್ಟರ್ ಸೀಮೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ ೧೫೧೫ರಲ್ಲಿ ಎಂ. ಎ. ಪದವಿಯನ್ನು ಪಡೆದನು. ಆಗ ಪಶ್ಚಿಮ ಯೂರೋಪಿನ ಕ್ರೈಸ್ತರಿಗೆ ಧರ್ಮಗ್ರಂಥವೆಂದರೆ ಲ್ಯಾಟಿನ್ ಭಾಷೆಯ ಸತ್ಯವೇದ. ಆದರೆ ಅದು ಮೂಲವಲ್ಲ. ಬಹುಮಟ್ಟಿಗೆ ಸಂತ ಜೆರೋಮನ ಕೈಯಿಂದ ಸುಮಾರು ಕ್ರಿ. ಶ. ೪೦೦ರ ಕಾಲದಲ್ಲಿ ಸಿದ್ಧವಾದ ಭಾಷಾಂತರ. ಮೂಲವು ಹಳೆಯ ಒಡಂಬಡಿಕೆಗೆ ಹೀಬ್ರೂ, ಹೊಸದಕ್ಕೆ ಗ್ರೀಕ್. ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದಲ್ಲಿಯೇ ವಿಕ್ಲಿಫನ ಅನುಯಾಯಿಗಳು ಲ್ಯಾಟಿನಿನಿಂದ ಇಂಗ್ಲಿಷಿಗೆ ಸತ್ಯವೇದವನ್ನು ತಿರುಗಿಸಿ ಕೈಬರಹದ ಪ್ರತಿಗಳಲ್ಲಿ ಹರಡಿದ್ದರು. ಅದಕ್ಕೆ ಬೆದರಿದ ಧರ್ಮಾಧಿಕಾರಿಗಳು ೧೪೦೯ರಲ್ಲಿ ಪ್ರಕಟಿಸಿದ ಕಟ್ಟಳೆಯಂತೆ, ಮೇಲಿನವರ ಒಪ್ಪಿಗೆಯಿಲ್ಲದೆ ಧರ್ಮಗ್ರಂಥವನ್ನು ಇಂಗ್ಲಿಷಿಗೆ ತಿರುಗಿಸುವುದೂ ಅಂಥ ಭಾಷಾಂತರವನ್ನು ಓದುವುದೂ ಅಪರಾಧವಾಯಿತು. ಹೀಗಿರುವಾಗ ೧೫೧೬ರಲ್ಲಿ ಎರಾಸ್ಮಸ್ ಎಂಬ ಮಹಾಪಂಡಿತನು ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚಿನಲ್ಲಿ ಹೊರಡಿಸಿದನು. ೧೫೨೨ರಲ್ಲಿ ಲೂಥರನು ಅದನ್ನು ಜರ್ಮನ್ ಭಾಷೆಗೆ ತಂದನು.

ಟಿಂಡಲನು ಆಗ ಗ್ಲಾಸ್ಟರ್ ಸೀಮೆಯ ಒಬ್ಬ ಶ್ರೀಮಂತನ ಮನೆಯಲ್ಲಿ ಮಕ್ಕಳಿಗೆ ಉಪಾಧ್ಯಾಯನಾಗಿದ್ದನು. ಮನೆಗೆ ಬರುತ್ತಿದ್ದ ಪಾದ್ರಿಗಳೊಡನೆ ಅವನಿಗೆ ಊಟದ ಹೊತ್ತಿನಲ್ಲಿ ವಾದಗಳಾಗುತ್ತಿದ್ದವು. ಒಮ್ಮೆ ಒಬ್ಬ ವಿದ್ವಾಂಸನೊಡನೆ ಮಾತು ಬೆಳೆದಾಗ, ನೇಗಿಲು ಹೊಡೆಯುವ ಹುಡುಗನು ಧರ್ಮಗ್ರಂಥವನ್ನು ಆ ವಿದ್ವಾಂಸನಿಗಿಂತ ಹೆಚ್ಚಾಗಿ ತಿಳಿಯುವಂತೆ ಮಾಡುವೆನೆಂದು ಪ್ರತಿಜ್ಞೆ ಮಾಡಿದನೆಂದು ಫಾಕ್ಸ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಟಿಂಡಲನು ಮೊದಲು ಹಿಡಿದದ್ದು ನೇರವಾದ ಮಾರ್ಗವನ್ನೇ. ೧೫೨೩ರಲ್ಲಿ ಲಂಡನ್ನಿಗೆ ಹೋಗಿ, ಗ್ರೀಕ್ ಬಲ್ಲವನೆಂದು ಹೆಸರಾಗಿದ್ದ ಬಿಷಪ್ ಟನ್‌ಸ್ಟಲನ ಆಶ್ರಯವನ್ನು ಬೇಡಿದನು. ತನ್ನ ಮನೆಯಲ್ಲಿ ಸ್ಥಳವಿಲ್ಲವೆಂದು ಬಿಷಪ್ಪನು ಹೇಳಿಕಳುಹಿಸಿದನು. ಹಂಫ್ರಿ ಮನ್ಮತ್ ಎಂಬ ಜವಳಿ ವರ್ತಕನ ಮನೆಯಲ್ಲಿ ಕೆಲವು ತಿಂಗಳು ಇದ್ದು, ಇಂಗ್ಲೆಂಡಿನಲ್ಲಿಯೇ ಈ ಕೆಲಸಕ್ಕೆ ಎಡೆಯಿಲ್ಲವೆಂದು ಮನಗಂಡು, ೧೫೨೪ರಲ್ಲಿ ಜರ್ಮನಿಗೆ ಹೊರಟುಹೋದನು. ಮತ್ತೆ ಅವನು ಸ್ವದೇಶದಲ್ಲಿ ನೆಲೆಸಲಿಲ್ಲ.

೧೫೨೫ರಲ್ಲಿ ಕಲೋನ್ ಪಟ್ಟಣದಲ್ಲಿ ಅಚ್ಚು ಪ್ರಾರಂಭವಾಯಿತು. ವಿರೋಧಿಯೊಬ್ಬನು ಅಚ್ಚಿನ ಕೆಲಸಗಾರರ ಬಾಯಿಂದ ಸುಳಿವನ್ನು ತಿಳಿದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಲು, ಟಿಂಡಲನು ಅಚ್ಚಾದ ಹಾಳೆಗಳನ್ನು ಎತ್ತಿಕೊಂಡು ರೈನ್ ನದಿಯ ಮಾರ್ಗವಾಗಿ ವೋರ್ಮ್ಸ್ ಪಟ್ಟಣಕ್ಕೆ ಓಡಿದನು. ೧೫೨೬ರಲ್ಲಿ ಹೊಸ ಒಡಂಬಡಿಕೆಯು ಅಲ್ಲಿ ಪೂರ್ಣವಾಗಿ ಹೊರಬಿದ್ದಿತು. ಕೈಯಲ್ಲಿ ಅಡಗುವ ಚಿಕ್ಕ ಪುಸ್ತಕ. ಪ್ರತಿಗಳು ಬಟ್ಟೆಯ ಮೂಟೆಗಳ ನಡುವೆ ಅಡಗಿ ಇಂಗ್ಲೆಂಡಿನ ರೇವುಗಳನ್ನು ಸೇರಿದವು. ಅದೇ ವರ್ಷ ಟನ್‌ಸ್ಟಲನು ಲಂಡನ್ನಿನ ಸಂತ ಪಾಲನ ದೇವಾಲಯದ ಬಳಿ ಅವನ್ನು ಬಹಿರಂಗವಾಗಿ ಸುಡಿಸಿದನು. ಆ ಮುದ್ರಣದ ಪ್ರತಿಗಳಲ್ಲಿ ಇಂದು ಉಳಿದಿರುವುವು ಮೂರೇ. ಟನ್‌ಸ್ಟಲನನ್ನು ಕುರಿತು ಹಾಲ್ ಎಂಬ ಚರಿತ್ರಕಾರನು ಒಂದು ವಿನೋದದ ಕಥೆಯನ್ನು ಹೇಳುತ್ತಾನೆ. ಪುಸ್ತಕಗಳನ್ನು ನಾಶಮಾಡಬೇಕೆಂದು ಬಿಷಪ್ಪನು ಆಂಟ್‌ವರ್ಪಿನಲ್ಲಿ ಒಬ್ಬ ವರ್ತಕನ ಮೂಲಕ ಅವನ್ನು ಹಣಕೊಟ್ಟು ಕೊಳ್ಳಿಸಿದನಂತೆ. ಆ ಹಣವು ಟಿಂಡಲನಿಗೇ ಸೇರಿ, ಸಾಲ ತೀರಿ, ತಿದ್ದಿದ ಹೊಸ ಮುದ್ರಣಕ್ಕೆ ಬಂಡವಾಳವಾಯಿತಂತೆ!

ಒಂದು ಭಾಷಾಂತರಕ್ಕೆ ಇಷ್ಟು ಕೋಪವೇಕೆ? ಜಗಳವು ಮುಖ್ಯವಾಗಿ ನಾಲ್ಕು ಪದಗಳ ಮೇಲೆ ನಿಂತಿತ್ತು. ಈ ನಾಲ್ಕನ್ನು ಕನ್ನಡದಲ್ಲಿಟ್ಟು ನೋಡಿದರೆ ವಿಷಯವು ನಮಗೆ ಚೆನ್ನಾಗಿ ಮನದಟ್ಟಾಗುತ್ತದೆ.

ಮೊದಲನೆಯದು ‘ಮೆಟನೋಇಯ’ ಎಂಬ ಗ್ರೀಕ್ ಮಾತು. ಮನಸ್ಸು ತಿರುಗುವುದು ಎಂದು ಅದರ ಅರ್ಥ. ಲ್ಯಾಟಿನ್ ಭಾಷಾಂತರದಲ್ಲಿ ಇದು, ಪ್ರಾಯಶ್ಚಿತ್ತ ಮಾಡಿಕೊಳ್ಳಿರಿ ಎಂಬರ್ಥಕ್ಕೆ ಎಡೆಗೊಡುವ ಮಾತಾಗಿತ್ತು. ಪ್ರಾಯಶ್ಚಿತ್ತವೆಂದರೆ ಪಾದ್ರಿಯ ಮುಂದೆ ಪಾಪನಿವೇದನೆ, ಅವನು ವಿಧಿಸುವ ದಂಡ, ಅದರ ನೆರವೇರಿಕೆ. ಟಿಂಡಲನು ಅದನ್ನು ಬಿಟ್ಟು, ಪಶ್ಚಾತ್ತಾಪಪಡಿರಿ ಎಂಬರ್ಥದ ಮಾತನ್ನು ಹಾಕಿದನು. ಪ್ರಾಯಶ್ಚಿತ್ತಕ್ಕೂ ಪಶ್ಚಾತ್ತಾಪಕ್ಕೂ ಇರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಎರಡನೆಯದು ‘ಎಕ್ಲೇಸಿಯ’. ಗ್ರೀಕ್ ನಗರಗಳಲ್ಲಿ ಪೌರರು ಸೇರುವ ಕೂಟಕ್ಕೆ ಈ ಹೆಸರಿತ್ತು. ಟಿಂಡಲನು ಇದನ್ನು ಅಧಿಕಾರಸಂಸ್ಥೆಯನ್ನು ಸೂಚಿಸುವ ರೂಢಿಯ ಮಾತಿನಿಂದ ಹೇಳದೆ, ಸಭೆ ಎಂಬರ್ಥದ ಮಾತಿನಿಂದ ಹೇಳಿದನು. ಮೂರನೆಯದು ‘ಪ್ರೆಸ್ಬುಟೆರಸ್’, ಎಂದರೆ ಹಿರಿಯ. ರೂಢಿಯಲ್ಲಿದ್ದ ಅನುವಾದ, ಬಲಿಪೂಜೆ ನಡೆಸುವ ಯಾಜಕ ಎಂದು. ನಾಲ್ಕನೆಯದಾದ ‘ಅಗಾಪೆ’ಗೆ, ದಾನಧರ್ಮವೆಂಬ ಛಾಯೆಯನ್ನು ಪಡೆದಿದ್ದ ಮಾತನ್ನು ಬಿಟ್ಟು ಪ್ರೀತಿಯೆಂದು ಇಟ್ಟನು. ಈ ನಾಲ್ಕು ಮಾತುಗಳು ಬದಲಾದರೆ ಸಾಮಾನ್ಯ ಓದುಗನ ಕಣ್ಣಿನಲ್ಲಿ ಪಾಪನಿವೇದನೆಯ ಏರ್ಪಾಡೂ ಯಾಜಕವರ್ಗದ ಅಧಿಕಾರವೂ ಗ್ರಂಥದ ಆಧಾರವನ್ನು ಕಳೆದುಕೊಳ್ಳುತ್ತವೆ. ಇದನ್ನು ವಿರೋಧಿಗಳು ಸರಿಯಾಗಿಯೇ ಗ್ರಹಿಸಿದರು.

ಅವರಲ್ಲಿ ಶ್ರೇಷ್ಠನಾದವನು ಸರ್ ಥಾಮಸ್ ಮೋರ್. ೧೫೨೯ರಲ್ಲಿ ಅವನು ಟಿಂಡಲನನ್ನು ಖಂಡಿಸಿ ಒಂದು ಸಂವಾದವನ್ನು ಬರೆದನು. ೧೫೩೧ರಲ್ಲಿ ಟಿಂಡಲನು ಉತ್ತರ ಕೊಟ್ಟನು. ಮೋರನು ಮತ್ತೆ ದೊಡ್ಡ ಸಂಪುಟಗಳನ್ನೇ ಬರೆದನು. ಮೋರನ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸತ್ಯವೇದವು ಇಂಗ್ಲಿಷಿನಲ್ಲಿ ಬರಲೇಬಾರದೆಂದು ಅವನು ಹೇಳಲಿಲ್ಲ. ಧರ್ಮಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಬರಬೇಕೆಂದನು. ಶಬ್ದದ ಅರ್ಥವು ನಿಘಂಟಿನಿಂದ ಮಾತ್ರ ನಿರ್ಣಯವಾಗುವುದಿಲ್ಲ, ನೂರಾರು ವರ್ಷ ಅದನ್ನು ಬಳಸಿದ ಭಕ್ತಸಮುದಾಯದಿಂದ ನಿರ್ಣಯವಾಗುತ್ತದೆ, ಒಬ್ಬೊಬ್ಬನೂ ತನಗೆ ತೋರಿದಂತೆ ಅರ್ಥಮಾಡಹೊರಟರೆ ಸತ್ಯವೊಂದು ಸಾವಿರವಾಗಿ ಒಡೆಯುತ್ತದೆ ಎಂಬುದು ಅವನ ಭಯ. ಆಮೇಲಿನ ಚರಿತ್ರೆಯಲ್ಲಿ ಹುಟ್ಟಿದ ಪಂಗಡಗಳನ್ನು ಎಣಿಸಿದರೆ ಈ ಭಯವು ನಿರಾಧಾರವಾದುದೆಂದು ಹೇಳಲಾಗುವುದಿಲ್ಲ. ಟಿಂಡಲನ ಉತ್ತರದಲ್ಲಿ ಒಂದು ಅಂಶ ಬಹು ಚುರುಕಾಗಿದೆ. ಮೋರನ ಪ್ರಾಣಸ್ನೇಹಿತನಾದ ಎರಾಸ್ಮಸನೂ ತನ್ನ ಲ್ಯಾಟಿನ್ ಅನುವಾದದಲ್ಲಿ ‘ಎಕ್ಲೇಸಿಯ’ವನ್ನು ಸಭೆಯೆಂಬ ಮಾತಿನಿಂದಲೇ ತಿರುಗಿಸಿದ್ದನು, ಸ್ನೇಹಿತನಲ್ಲಿ ತಪ್ಪಲ್ಲದ್ದು ನನ್ನಲ್ಲಿ ಮಾತ್ರ ಪಾಷಂಡಿತನವಾದುದು ಹೇಗೆ ಎಂದು ಅವನ ಪ್ರಶ್ನೆ. ಈ ವಾದದಲ್ಲಿ ಇಬ್ಬರ ಬಾಯಿಂದಲೂ ಬರಬಾರದ ಕಟುವಚನಗಳು ಬಂದಿವೆ. ಸತ್ಯವೂ ಪ್ರೀತಿಯೂ ಜೊತೆಯಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪಾಲನು ವಿಧಿಸಿದ್ದನ್ನು ಇಬ್ಬರೂ ಆ ಹೊತ್ತಿನಲ್ಲಿ ಮರೆತಿದ್ದರು.

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಟಿಂಡಲನದು ನಿಷ್ಠೆಯೋ ಹಠವೋ? ಇದನ್ನು ಪರೀಕ್ಷಿಸುವುದಕ್ಕೆ ಅವನ ಜೀವನದಲ್ಲಿ ನಾಲ್ಕು ಸಂದರ್ಭಗಳು ಒದಗಿವೆ.

ಮೊದಲನೆಯದು ವಿರೋಧಿಯಿಂದ ತಿದ್ದಿಸಿಕೊಂಡದ್ದು. ೧೫೨೬ರ ಮುದ್ರಣದಲ್ಲಿ ‘ಪ್ರೆಸ್ಬುಟೆರಸ್’ ಎಂಬುದಕ್ಕೆ ಟಿಂಡಲನು ‘ಸೀನಿಯರ್’ ಎಂದು ಹಾಕಿದ್ದನು. ಅದು ಇಂಗ್ಲಿಷೇ ಅಲ್ಲವೆಂದು ಮೋರನು ಹಾಸ್ಯಮಾಡಿದನು. ಅದು ಒಳ್ಳೆಯ ಇಂಗ್ಲಿಷಲ್ಲವೆಂದು ಟಿಂಡಲನು ಒಪ್ಪಿಕೊಂಡು, ೧೫೩೪ರ ಪರಿಷ್ಕೃತ ಮುದ್ರಣದಲ್ಲಿ ‘ಎಲ್ಡರ್’ ಎಂದು ತಿದ್ದಿದನು. ಸಭೆ, ಪ್ರೀತಿ ಎಂಬುವನ್ನು ಮಾತ್ರ ಬಿಡಲಿಲ್ಲ. ಏಕೆಂದರೆ ಅಲ್ಲಿ ಗ್ರೀಕ್ ಮೂಲವು ತನ್ನ ಕಡೆಗಿದೆಯೆಂದು ಅವನಿಗೆ ನಿಶ್ಚಯವಾಗಿತ್ತು. ಹಗೆಯ ಬಾಯಿಂದ ಬಂದರೂ ಸರಿಯಾದುದು ಸರಿಯೆಂದು ಒಪ್ಪಿದ ಮನುಷ್ಯನನ್ನು ಹಠಮಾರಿಯೆನ್ನುವುದು ಕಷ್ಟ.

ಎರಡನೆಯದು ಲಾಭವನ್ನು ಬಿಟ್ಟದ್ದು. ೧೫೨೮ರಲ್ಲಿ ಟಿಂಡಲನು ಬರೆದ ಒಂದು ಗ್ರಂಥದಲ್ಲಿ, ಪ್ರಜೆಗಳು ರಾಜನಿಗೆ ವಿಧೇಯರಾಗಿರಬೇಕೆಂದೂ ಧರ್ಮಾಧಿಕಾರಿಗಳೂ ಇದಕ್ಕೆ ಹೊರತಲ್ಲವೆಂದೂ ಹೇಳಿದ್ದನು. ಎಂಟನೆಯ ಹೆನ್ರಿಯು ಅದನ್ನು ಓದಿ ಸಂತೋಷಪಟ್ಟನೆಂದು ಪ್ರತೀತಿಯಿದೆ. ರಾಜನು ಆಗ ತನ್ನ ಪತ್ನಿಯಾದ ಕ್ಯಾಥರೀನಳನ್ನು ಬಿಡುವುದಕ್ಕೆ ಶಾಸ್ತ್ರಾಧಾರವನ್ನು ಹುಡುಕುತ್ತಿದ್ದನು. ಅನುಕೂಲವಾದ ಒಂದು ಮಾತನ್ನು ಆಡಿದ್ದರೆ ಟಿಂಡಲನು ಗೌರವದಿಂದ ಸ್ವದೇಶಕ್ಕೆ ಮರಳಬಹುದಾಗಿತ್ತು. ಆಡದೆ ಸುಮ್ಮನಿದ್ದಿದ್ದರೂ ಆಗುತ್ತಿತ್ತೇನೋ. ಆದರೆ ೧೫೩೦ರಲ್ಲಿ, ಆ ವಿವಾಹವನ್ನು ಮುರಿಯುವುದಕ್ಕೆ ಧರ್ಮಗ್ರಂಥದಲ್ಲಿ ಆಧಾರವಿಲ್ಲವೆಂದು ಬರೆದು ಅಚ್ಚುಹಾಕಿಸಿದನು. ಪೋಪನಿಗೆ ವಿರೋಧವಾಗಿ ಹಿಡಿದ ಗ್ರಂಥವನ್ನು ರಾಜನ ಮುಂದೆಯೂ ಹಾಗೆಯೇ ಹಿಡಿದನು. ರಾಜಕೃಪೆಯು ಅಲ್ಲಿಗೆ ಮುಗಿಯಿತು.

ಮೂರನೆಯದು ಸ್ವಪಕ್ಷದವನನ್ನು ತಡೆದದ್ದು. ಜಾರ್ಜ್ ಜಾಯ್ ಎಂಬ ಸಹಧರ್ಮಿಯು ೧೫೩೪ರಲ್ಲಿ ಟಿಂಡಲನ ಭಾಷಾಂತರವನ್ನು ತಾನೇ ತಿದ್ದಿ ಹೊರಡಿಸಿದನು. ಪುನರುತ್ಥಾನವೆಂಬ ಮಾತು ಬಂದ ಹಲವು ಕಡೆಗಳಲ್ಲಿ, ಈ ಜನ್ಮದ ಮುಂದಿನ ಜೀವನ ಎಂಬರ್ಥದ ಮಾತುಗಳನ್ನು ಸೇರಿಸಿದನು. ಜಾಯನ ಅಭಿಪ್ರಾಯ ಏನಾದರೂ ಇರಲಿ. ಬದಲಾಯಿಸಬೇಕೆನ್ನುವವನು ತಾನೇ ಭಾಷಾಂತರಿಸಿ ತನ್ನ ಹೆಸರನ್ನು ಹಾಕಿಕೊಳ್ಳಲಿ, ಮತ್ತೊಬ್ಬನ ಕೃತಿಯೊಳಗೆ ತನ್ನ ವ್ಯಾಖ್ಯಾನವನ್ನು ಬಚ್ಚಿಡಬಾರದು ಎಂಬುದು ಟಿಂಡಲನ ಆಕ್ಷೇಪಣೆ. ಸ್ನೇಹಿತನಾದ ಫ್ರಿತ್ ಎಂಬವನಿಗೆ ಬರೆದ ಕಾಗದದಲ್ಲಿ, ತನ್ನ ಮನಸ್ಸಾಕ್ಷಿಗೆ ವಿರೋಧವಾಗಿ ದೇವರ ವಾಕ್ಯದ ಒಂದು ಅಕ್ಷರವನ್ನಾದರೂ ಮಾರ್ಪಡಿಸಿಲ್ಲವೆಂದು ಅವನು ದೇವರನ್ನು ಸಾಕ್ಷಿಗೆ ಕರೆದಿದ್ದಾನೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ೧೫೩೧ರಲ್ಲಿ ಸ್ಟೀಫನ್ ವಾನ್ ಎಂಬ ರಾಜದೂತನು ಆಂಟ್‌ವರ್ಪಿನಲ್ಲಿ ಟಿಂಡಲನನ್ನು ಗುಟ್ಟಾಗಿ ಕಂಡು, ಇಂಗ್ಲೆಂಡಿಗೆ ಹಿಂದಿರುಗುವಂತೆ ಬೋಧಿಸಿದನು. ಟಿಂಡಲನು ಕೊಟ್ಟ ಉತ್ತರದ ಸಾರಾಂಶವಿದು: ಪ್ರಜೆಗಳ ಭಾಷೆಯಲ್ಲಿ ಧರ್ಮಗ್ರಂಥದ ಬರಿಯ ಪಾಠವು, ಯಾರು ಭಾಷಾಂತರಿಸಿದ್ದೇ ಆಗಲಿ, ರಾಜನ ಅನುಮತಿಯಿಂದ ಪ್ರಕಟವಾದರೆ ಸಾಕು, ತಾನು ಮುಂದೆ ಏನನ್ನೂ ಬರೆಯುವುದಿಲ್ಲ, ಎರಡು ದಿನ ಕೂಡ ತಡೆಯದೆ ಬಂದು ರಾಜನ ಕಾಲಿಗೆರಗಿ, ಶಿಕ್ಷೆಯಾಗಲಿ ಮರಣವಾಗಲಿ ಒಪ್ಪುತ್ತೇನೆ. ತನ್ನ ಭಾಷಾಂತರವೇ ಆಗಬೇಕೆಂದು ಅವನು ಕೇಳಲಿಲ್ಲ. ತನ್ನ ಟಿಪ್ಪಣಿಗಳಿಗಾಗಿ ಬೇಡಲಿಲ್ಲ. ಗ್ರಂಥವು ಜನರ ಕೈ ಸೇರುವುದಾದರೆ ತನ್ನ ಹೆಸರು ಅಳಿದರೂ ಚಿಂತೆಯಿಲ್ಲವೆಂದ ಈ ಮಾತಿನಲ್ಲಿ ನಿಷ್ಠೆಯೂ ಹಠವೂ ಸ್ಪಷ್ಟವಾಗಿ ಬೇರೆಯಾಗುತ್ತವೆ. ರಾಜನಿಂದ ಅಂಥ ಅನುಮತಿ ಬರಲಿಲ್ಲ.

ಟಿಂಡಲನು ಆಂಟ್‌ವರ್ಪಿನಲ್ಲಿ ಪಾಯಿಂಟ್ಸ್ ಎಂಬ ಇಂಗ್ಲಿಷ್ ವರ್ತಕನ ಮನೆಯಲ್ಲಿ ವಾಸಮಾಡುತ್ತಿದ್ದನು. ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಶನಿವಾರ, ಪುಸ್ತಕಗಳನ್ನು ಬಿಟ್ಟು, ದೇಶಬಿಟ್ಟು ಬಂದ ಇಂಗ್ಲಿಷರನ್ನೂ ಊರಿನ ಬಡವರನ್ನೂ ಹುಡುಕಿ ಸಹಾಯಮಾಡುತ್ತಿದ್ದನೆಂದು ಫಾಕ್ಸ್ ಹೇಳುತ್ತಾನೆ. ೧೫೩೫ರ ಮೇ ತಿಂಗಳಲ್ಲಿ, ಸ್ನೇಹಿತನಂತೆ ಬಂದು ಸೇರಿದ್ದ ಫಿಲಿಪ್ಸ್ ಎಂಬ ತರುಣನು ಆ ದಿನ ಬೆಳಗ್ಗೆ ಟಿಂಡಲನಿಂದಲೇ ಹಣವನ್ನು ಸಾಲವಾಗಿ ಪಡೆದು, ಇಕ್ಕಟ್ಟಾದ ಬಾಗಿಲ ಸಂದಿಯಲ್ಲಿ ಅವನನ್ನು ಮುಂದೆ ಬಿಟ್ಟು, ಹಿಂದಿನಿಂದ ಬೆರಳಿನಿಂದ ತೋರಿಸಿ ಹಿಡಿಸಿಕೊಟ್ಟನು. ಚಕ್ರವರ್ತಿ ಐದನೆಯ ಚಾರ್ಲ್ಸನ ಅಧಿಕಾರಿಗಳು ಅವನನ್ನು ಬ್ರಸೆಲ್ಸಿನ ಹತ್ತಿರದ ವಿಲ್‌ವೋರ್ಡೆ ಕೋಟೆಯಲ್ಲಿ ಸೆರೆಯಿಟ್ಟರು. ಬಿಡಿಸಹೋದ ಪಾಯಿಂಟ್ಸನೂ ಸೆರೆಗೆ ಬಿದ್ದು, ತಪ್ಪಿಸಿಕೊಂಡು ಓಡಬೇಕಾಯಿತು.

ಸೆರೆಮನೆಯಿಂದ ಟಿಂಡಲನು ಲ್ಯಾಟಿನಿನಲ್ಲಿ ಬರೆದ ಒಂದು ಕಾಗದವು ಉಳಿದಿದೆ. ಚಳಿಗಾಲ ಬರುತ್ತಿದೆ, ನೆಗಡಿಯಿಂದ ತಲೆ ನೋಯುತ್ತಿದೆ, ತನ್ನ ಸಾಮಾನುಗಳಲ್ಲಿರುವ ಬೆಚ್ಚನೆಯ ಟೋಪಿಯನ್ನೂ ಅಂಗಿಯನ್ನೂ ಕಾಲುಚೀಲಕ್ಕೆ ತೇಪೆಹಾಕಲು ಬಟ್ಟೆಯ ತುಂಡನ್ನೂ ಕಳುಹಿಸಬೇಕು, ಸಂಜೆ ಕತ್ತಲಲ್ಲಿ ಒಂಟಿಯಾಗಿ ಕುಳಿತಿರುವುದು ಬೇಸರ, ಒಂದು ದೀಪ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೀಬ್ರೂ ಸತ್ಯವೇದ, ಹೀಬ್ರೂ ವ್ಯಾಕರಣ, ಹೀಬ್ರೂ ನಿಘಂಟು ಇವನ್ನು ಕೊಡಬೇಕು. ಹಳೆಯ ಒಡಂಬಡಿಕೆಯ ಮೊದಲ ಐದು ಪುಸ್ತಕಗಳನ್ನು ಅವನು ೧೫೩೦ರಲ್ಲಿ ಪ್ರಕಟಿಸಿದ್ದನು. ಉಳಿದ ಕೆಲಸವು ಕಾಯುತ್ತಿತ್ತು. ಸಾವಿನ ಬಾಗಿಲಲ್ಲಿ ಕುಳಿತು ನಿಘಂಟನ್ನು ಕೇಳುವ ಈ ವಿದ್ವಾಂಸನ ನಿಷ್ಠೆಯಲ್ಲಿ ಆಡಂಬರವಿಲ್ಲ. ೧೫೩೬ರ ಅಕ್ಟೋಬರ್ ತಿಂಗಳಲ್ಲಿ ಅವನನ್ನು ಕಂಬಕ್ಕೆ ಕಟ್ಟಿ, ಕುತ್ತಿಗೆ ಬಿಗಿದು ಕೊಂದು, ದೇಹವನ್ನು ಸುಟ್ಟರು. ಇಂಗ್ಲೆಂಡಿನ ದೊರೆಯ ಕಣ್ಣು ತೆರೆಸಬೇಕೆಂಬುದು ಅವನ ಕೊನೆಯ ಪ್ರಾರ್ಥನೆಯಾಗಿತ್ತೆಂದು ಫಾಕ್ಸ್ ಬರೆದಿದ್ದಾನೆ. ಅದಕ್ಕೂ ಹಿಂದೆ, ೧೫೩೫ರ ಜುಲೈನಲ್ಲಿ, ಥಾಮಸ್ ಮೋರನು ರಾಜನನ್ನು ಧರ್ಮಸಂಸ್ಥೆಯ ಒಡೆಯನೆಂದು ಒಪ್ಪದೆ ತಲೆಯನ್ನು ಕೊಟ್ಟಿದ್ದನು. ರೋಮನ್ ಕ್ಯಾಥೊಲಿಕರು ೧೯೩೫ರಲ್ಲಿ ಅವನನ್ನು ಸಂತನೆಂದು ಸಾರಿದರು. ಎದುರಾಳಿಗಳಿಬ್ಬರೂ ತಾವು ಕಂಡ ಸತ್ಯಕ್ಕಾಗಿ ಸತ್ತರೆಂಬುದನ್ನು ಮರೆಯಬಾರದು.

ಮುಂದೆ ನಡೆದುದು ವಿಚಿತ್ರ. ಮರುವರ್ಷವೇ, ೧೫೩೭ರಲ್ಲಿ, ಬಹುಪಾಲು ಟಿಂಡಲನ ಭಾಷಾಂತರವನ್ನೇ ಒಳಗೊಂಡ ಇಂಗ್ಲಿಷ್ ಸತ್ಯವೇದವೊಂದು ಬೇರೆ ಹೆಸರಿನಲ್ಲಿ ರಾಜನ ಅಪ್ಪಣೆ ಪಡೆದು ಹೊರಬಂದಿತು. ೧೫೩೯ರಲ್ಲಿ ದೇವಾಲಯಗಳಲ್ಲಿ ಇಡುವುದಕ್ಕಾಗಿ ಮಹಾ ಸತ್ಯವೇದವು ಅಚ್ಚಾಯಿತು. ಅದರಲ್ಲಿಯೂ ಟಿಂಡಲನ ಮಾತುಗಳೇ ತುಂಬಿದ್ದವು. ಅದರ ೧೫೪೧ರ ಒಂದು ಮುದ್ರಣದ ಮುಖಪುಟದಲ್ಲಿ, ಪರಿಶೀಲಿಸಿದವರ ಹೆಸರುಗಳಲ್ಲಿ ಟನ್‌ಸ್ಟಲನ ಹೆಸರಿದೆ! ೧೬೧೧ರ ಪ್ರಸಿದ್ಧ ಭಾಷಾಂತರದ ಹೊಸ ಒಡಂಬಡಿಕೆಯಲ್ಲಿ ಶೇಕಡ ೮೦ಕ್ಕೂ ಮೀರಿದ ಮಾತುಗಳು ಟಿಂಡಲನವೆಂದು ವಿದ್ವಾಂಸರು ೧೯೯೮ರಲ್ಲಿ ಲೆಕ್ಕಹಾಕಿದ್ದಾರೆ. ಆದರೂ ಅವನು ಪೂರ್ಣವಾಗಿ ಗೆಲ್ಲಲಿಲ್ಲ. ೧೬೧೧ರವರು ರಾಜಾಜ್ಞೆಯಂತೆ ಸಭೆಯೆಂಬುದನ್ನು ತೆಗೆದು ಹಳೆಯ ಮಾತನ್ನೇ ಹಾಕಿದರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ ಪ್ರೀತಿಯೆಂಬುದು ಹೋಗಿ, ೧೮೮೧ರ ಪರಿಷ್ಕರಣದಲ್ಲಿ ಮತ್ತೆ ಬಂದಿತು.

ಕನ್ನಡ ನಾಡಿಗೂ ಈ ವಿಷಯ ಸಂಬಂಧಪಟ್ಟಿದೆ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನೂ ಅವನ ಜೊತೆಯವರೂ ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸತೊಡಗಿದಾಗ ಇದೇ ಪದಗಳು ಅವರೆದುರಿಗೂ ನಿಂತವು. ಇಂದು ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲಿ ನಾವು ಓದುವುದು ಸಭೆ, ಸಭೆಯ ಹಿರಿಯರು, ಪ್ರೀತಿ ಎಂಬ ಮಾತುಗಳನ್ನೇ. ಕನ್ನಡದ ಕ್ಯಾಥೊಲಿಕರು ಕೂಡ ತಮ್ಮ ಸಂಸ್ಥೆಯನ್ನು ಧರ್ಮಸಭೆಯೆನ್ನುತ್ತಾರೆ. ಒಂದು ಕಾಲದಲ್ಲಿ ಪ್ರಾಣಕ್ಕೆ ಅಪಾಯ ತಂದ ಮಾತು ಇಲ್ಲಿ ಎರಡು ಪಂಗಡಗಳವರಿಗೂ ಸಹಜವಾಗಿ ಒಗ್ಗಿಹೋಗಿದೆ.

ಪಾಲನು ಬೆರೋಯ ಎಂಬ ಊರಿನಲ್ಲಿ ಬೋಧಿಸಿದಾಗ ಅಲ್ಲಿನವರು ಅವನ ಮಾತನ್ನು ಆದರದಿಂದ ಕೇಳಿ, ಅದು ನಿಜವೋ ಎಂದು ಪ್ರತಿದಿನವೂ ಶಾಸ್ತ್ರವನ್ನು ತೆಗೆದು ನೋಡುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ ಪುಸ್ತಕವು ಅವರನ್ನು ಹೊಗಳಿದೆ. ಅಪೊಸ್ತಲನ ಮಾತಿಗೂ ಪರೀಕ್ಷೆ ಸಲ್ಲುವುದಾದರೆ ನಮ್ಮ ನಮ್ಮ ಅಭಿಪ್ರಾಯಗಳಿಗೆ ಸಲ್ಲದೆ ಇರುತ್ತದೆಯೆ? ಗ್ರಂಥವನ್ನು ಹಿಡಿದವನು ಮೊದಲು ತನ್ನನ್ನೇ ಅದರ ಮುಂದೆ ನಿಲ್ಲಿಸಿಕೊಳ್ಳಬೇಕು. ತಪ್ಪನ್ನು ತೋರಿಸಿದವನು ಹಗೆಯಾದರೂ ತಿದ್ದಿಕೊಳ್ಳಬೇಕು. ಲಾಭವು ಬೇರೆ ಕಡೆಗೆ ಕರೆದಾಗಲೂ ಅದೇ ಮಾತನ್ನು ಆಡಬೇಕು. ತನ್ನ ವ್ಯಾಖ್ಯಾನವನ್ನು ಮೂಲವೆಂದು ಹೇಳಿ ನಡೆಸಬಾರದು. ಸತ್ಯವು ಗೆಲ್ಲುವುದಾದರೆ ತಾನು ಸೋಲಲು ಸಿದ್ಧನಾಗಿರಬೇಕು. ಹಠಮಾರಿಯೂ ಪ್ರಾಣ ಕೊಟ್ಟಾನು. ಈ ನಾಲ್ಕು ಮಾತ್ರ ಅವನಿಂದ ಆಗವು. ಟಿಂಡಲನು ಇವನ್ನು ನೆರವೇರಿಸಿದನು. ಕಟುವಾಗಿ ವಾದಿಸಿದ ಹೊತ್ತಿನಲ್ಲಿ ಮಾತ್ರ ಎಡವಿದನು. ಅವನ ಸಾವಿಗಿಂತ ೧೫೩೪ರ ಆ ಒಂದು ತಿದ್ದುಪಡಿಯನ್ನೂ ದೂತನಿಗೆ ಕೊಟ್ಟ ಆ ಉತ್ತರವನ್ನೂ ನೆನೆದರೆ, ಸತ್ಯವೇದದಲ್ಲಿ ನಿಷ್ಠೆಯೆಂದರೇನೆಂಬುದು ಹೆಚ್ಚು ಚೆನ್ನಾಗಿ ತಿಳಿಯುತ್ತದೆ.